ಐದು ಡಾಲರಿನ ಕಂಪ್ಯೂಟರ್ ಜೇಬಿನ ಮ್ಯೂಸಿಕ್ ಪ್ಲೇಯರ್ ಆಗುತ್ತದೆಯೇ?

"ಪುಟ್ಟ ಕಂಪ್ಯೂಟರಿಗೆ ಇಯರ್‌ಫೋನ್ ಸಿಕ್ಕಿಸಿ, ಹಳೆ ಫೋನಿನ ಬ್ಯಾಟರಿ ಜೋಡಿಸಿ, ಫೋನಿಗಿಂತ ಚೆಂದದ ಹಾಡು ಕೇಳಿ!" ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಇದರಲ್ಲಿ ನಿಜವೆಷ್ಟು? ನೋಡೋಣ.

2015ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಝೀರೋದ ಆಗಿನ ಬೆಲೆ 5 ಡಾಲರ್. ಉದ್ದ 65 ಮಿ.ಮೀ., ಅಗಲ 30 ಮಿ.ಮೀ. ಹಾಡು ನುಡಿಸಲು ಇದರ ಶಕ್ತಿ ಧಾರಾಳ ಸಾಕು. ಆದರೆ ಇಯರ್‌ಫೋನ್ ಸಿಕ್ಕಿಸುವ ಜಾಗವೇ ಇದರಲ್ಲಿಲ್ಲ! ತಂತಿಯ ಇಯರ್‌ಫೋನಿಗೆ 'ಡ್ಯಾಕ್' ಇರುವ ಇನ್ನೊಂದು ಬೋರ್ಡ್ ಬೇಕು. ಫೈಲಿನಲ್ಲಿರುವ ಅಂಕಿಗಳನ್ನು ಇಯರ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವುದು ಈ ಡ್ಯಾಕ್. ದನಿಯ ಗುಣಮಟ್ಟ ನಿಂತಿರುವುದು ಫೈಲ್, ಡ್ಯಾಕ್ ಮತ್ತು ಇಯರ್‌ಫೋನ್ ಮೇಲೆ. ಕಳಪೆ ಎಂಪಿ3 ಇಲ್ಲಿಯೂ ಕಳಪೆಯೇ.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಎಲ್ಲ ಸೇರಿ 1 ವ್ಯಾಟ್ ಬಳಕೆ ಎಂದುಕೊಳ್ಳೋಣ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಅವರ್ ಇರುತ್ತದೆ. 5 ವೋಲ್ಟಿಗೆ ಏರಿಸುವಾಗಿನ ನಷ್ಟ ಕಳೆದರೂ ಒಂದು ದಿನ ದಾಟುತ್ತದೆ. ಆದರೆ ತೀರಾ ಕಡಿಮೆ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಎಚ್ಚರ! ಹಳೆ ಫೋನಿನ ಲಿಥಿಯಂ ಬ್ಯಾಟರಿ ಕಿತ್ತು ತಂತಿ ಬೆಸೆಯಬೇಡಿ. ಶಾರ್ಟ್ ಆದರೆ, ತೂತಾದರೆ, ಮಿತಿಮೀರಿ ಚಾರ್ಜ್ ಆದರೆ ಬೆಂಕಿ ಹೊತ್ತಬಹುದು. ಜೇಬಿನಲ್ಲಿ ಇಟ್ಟುಕೊಳ್ಳುವ ವಸ್ತುವಿದು, ನೆನಪಿರಲಿ. ಹಾಡು ಮುಗಿದ ಮೇಲೆ ವೈರ್ ಎಳೆಯದೆ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಮೆಮೊರಿ ಕಾರ್ಡಿನ ಫೈಲುಗಳು ಕೆಡಬಹುದು.

ನಾವು ಹೇಳುವುದಿಷ್ಟೇ: ಹಾಡು ಕೇಳುವುದಷ್ಟೇ ಗುರಿಯಾದರೆ ಕೈಯಲ್ಲಿರುವ ಫೋನೇ ಸಾಕು. ಕಂಪ್ಯೂಟರಿನ ಒಳಹೊರಗು ಕಲಿಯುವ ಆಸೆಯಿದ್ದರೆ ಖಂಡಿತ ಮಾಡಿ ನೋಡಿ. ಫಾರ್ವರ್ಡ್ ಮಾಡುವುದಾದರೆ ಬ್ಯಾಟರಿಯ ಎಚ್ಚರಿಕೆಯನ್ನೂ ಸೇರಿಸಿ ಕಳಿಸಿ.