ಮಡ್ಡಿಯಿಂದ ಹೊಳೆದಂಡೆಗೆ

ಶಿಥಿಲೀಕರಣ, ಸವೆತ, ಸಂಚಯನ. ಮಕ್ಕಳು ಮೂರನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಕಲ್ಲು ಪುಡಿಯಾಗುವುದು ಯಾವುದು, ಪುಡಿ ಕೊಚ್ಚಿಹೋಗುವುದು ಯಾವುದು ಎಂದು ಕೇಳಿದರೆ ತಡವರಿಸುತ್ತಾರೆ. ಗೊಂದಲ ಬಿಡಿಸಲು ಒಂದು ಪ್ರಶ್ನೆ ಸಾಕು: ‘ಇದು ಇದ್ದಲ್ಲೇ ಇದೆಯೋ, ಜಾಗ ಬಿಟ್ಟಿದೆಯೋ?’ ಆಳಂದ, ಅಫಜಲಪುರ, ಜೇವರ್ಗಿಯ ಶಿಕ್ಷಕರು ಈ ಪ್ರಶ್ನೆ ಹಿಡಿದು ಮಕ್ಕಳೊಂದಿಗೆ ಹೊಲಕ್ಕೆ ನಡೆಯಬೇಕು. ಪುಸ್ತಕದ ಚಿತ್ರಕ್ಕಿಂತ ಅಲ್ಲಿ ಕಾಣುವುದು ಹೆಚ್ಚು.

ಆಳಂದ ಸೀಮೆಯ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ತಣಿದ ಲಾವಾ, ಅದೇ ಬಸಾಲ್ಟ್. ರಸ್ತೆಗಾಗಿ ಮಡ್ಡಿ ಕಡಿದ ಕಡೆ ನಿಂತು ನೋಡಿ. ನಡುವೆ ಗಟ್ಟಿ ಗುಂಡು, ಸುತ್ತ ಈರುಳ್ಳಿಯಂತೆ ಸುಲಿಯುವ ಪದರಗಳು, ಮೇಲೆ ಗರಸು, ಅದರ ಮೇಲೆ ಎರೆ ಮಣ್ಣು. ಬಿರುಕಿನೊಳಗೆ ಇಳಿದ ನೀರು ಕಲ್ಲಿನ ಖನಿಜಗಳನ್ನು ನಿಧಾನವಾಗಿ ಜೇಡಿಯಾಗಿಸಿದೆ. ಇಲ್ಲಿ ಯಾವುದೂ ಊರು ಬಿಟ್ಟಿಲ್ಲ, ಆದ್ದರಿಂದ ಇದು ಶಿಥಿಲೀಕರಣ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುವುದು ಅದಕ್ಕೇ.

ಎರೆಯೊಳಗೆ ಸಿಗುವ ಬಿಳಿ ಸುಣ್ಣದ ಹರಳುಗಳನ್ನು ಮಕ್ಕಳು ಆರಿಸಲಿ. ಒಂದನ್ನು ಪುಡಿಮಾಡಿ ನಿಂಬೆರಸ ಹಾಕಿದರೆ ನೊರೆ ಬರುತ್ತದೆ. ಬಸಾಲ್ಟಿನ ಪುಡಿಗೆ ಹಾಕಿದರೆ ಬರುವುದಿಲ್ಲ. ಕಲ್ಲಿನಿಂದ ಕರಗಿ ಬಂದ ಕ್ಯಾಲ್ಸಿಯಂ ಮಣ್ಣಿನಲ್ಲಿ ಸುಣ್ಣವಾಗಿ ಮತ್ತೆ ಗಟ್ಟಿಯಾಗಿದೆ.

ಇನ್ನು ಸವೆತ. ಇದನ್ನು ಪರೀಕ್ಷೆಯ ಪಾಠವೆಂದು ಮುಗಿಸಿಬಿಡಬಾರದು, ಏಕೆಂದರೆ ಹೋಗುತ್ತಿರುವುದು ಮಕ್ಕಳ ಮನೆಯ ಹೊಲವೇ. ಹಿಂಗಾರಿ ಜೋಳಕ್ಕೆಂದು ಆಳವಾದ ಎರೆಯನ್ನು ಮುಂಗಾರಿನಲ್ಲಿ ಖಾಲಿ ಬಿಡುವ ರೂಢಿ ಹಳೆಯದು. ಮೇಲೆ ಪೈರಿನ ಮರೆಯಿಲ್ಲದ ಮಣ್ಣಿಗೆ ಜೋರು ಮಳೆ ನೇರವಾಗಿ ಬಡಿಯುತ್ತದೆ. ನೆನೆದು ಉಬ್ಬಿದ ಎರೆ ನೀರನ್ನು ಬೇಗ ಇಂಗಿಸದು, ನೀರು ಮಣ್ಣು ಹೊತ್ತು ಹಳ್ಳಕ್ಕೆ ಇಳಿಯುತ್ತದೆ. ಮೂರು ಓರೆ ತಟ್ಟೆಗಳಲ್ಲಿ ಎರೆ ತುಂಬಿ, ಒಂದನ್ನು ಬರಿದಾಗಿ ಬಿಡಿ, ಇನ್ನೊಂದಕ್ಕೆ ಜೋಳದ ಕಣಕಿ ಹೊದಿಸಿ, ಮೂರನೆಯದಕ್ಕೆ ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಿ. ಒಂದೇ ಅಳತೆಯ ನೀರು ಸುರಿದು, ಕೆಳಗೆ ಇಳಿದದ್ದನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ಅಜ್ಜ ಒಡ್ಡನ್ನು ಏಕೆ ಕಾಯುತ್ತಾನೆಂದು ಮಕ್ಕಳು ತಾವೇ ಹೇಳುತ್ತಾರೆ.

ಆ ಲೋಟಗಳನ್ನು ಚೆಲ್ಲಬೇಡಿ. ಅವುಗಳಲ್ಲಿ ಉಸುಕಿನ ಕಣ ಮೊದಲು ತಳ ಸೇರುತ್ತದೆ, ಜೇಡಿ ಮರುದಿನವೂ ತೇಲುತ್ತಿರಬಹುದು. ನೀರಿನ ವೇಗ ತಗ್ಗಿದರೆ ಹೊರೆ ಇಳಿಯುತ್ತದೆ, ಸಂಚಯನದ ನಿಯಮವೇ ಅದು. ಆಳಂದದ ಕಡೆಯಿಂದ ಬರುವ ಅಮರ್ಜಾ ಕೋರಳ್ಳಿಯ ಜಲಾಶಯದಲ್ಲಿ ಒಂದಷ್ಟು ಹೂಳು ಇಳಿಸಿ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಭೀಮೆ ತಿರುಗುವ ಕಡೆ ಹೊರದಂಡೆ ಕೊರೆಯುತ್ತದೆ, ಒಳದಂಡೆಯಲ್ಲಿ ಉಸುಕು ಕೂಡುತ್ತದೆ. ಸವೆತ, ಸಂಚಯನ ಎದುರುಬದುರು. 2020ರ ಅಕ್ಟೋಬರ್‌ನಂಥ ಮಹಾಪೂರದಲ್ಲಿ ಹೊಳೆ ದಂಡೆ ಮೀರಿ ಹೊಲಗಳ ಮೇಲೂ ರಾಡಿ ಹರಡುತ್ತದೆ. ಇದನ್ನೆಲ್ಲ ಬೇಸಿಗೆಯಲ್ಲೇ, ದೂರದಿಂದಲೇ ತೋರಿಸಿ. ಕೊರೆದ ದಂಡೆ ಯಾವಾಗ ಬೇಕಾದರೂ ಕುಸಿಯಬಹುದು.

ಜೇವರ್ಗಿಯ ಕಡೆ ಭೀಮೆ ಬಸಾಲ್ಟಿಗಿಂತ ಎಷ್ಟೋ ಹಳೆಯ ಸುಣ್ಣಕಲ್ಲಿನ ಸೀಮೆ ಮುಟ್ಟುತ್ತದೆ. ಮನೆ, ಶಾಲೆಗಳಿಗೆ ಹಾಸುವ ಶಹಾಬಾದ್ ಪರಸಿ ಇದೇ ಜಾತಿಯದು. ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು, ಅದಕ್ಕೇ ಚಪ್ಪಟೆಯಾಗಿ ಸೀಳುತ್ತದೆ. ಒಡೆದ ತುಂಡೊಂದರ ಮೇಲೆ ನಿಂಬೆರಸ ಬಿಡಿ, ಹೊಲದ ಸುಣ್ಣದ ಹರಳಿನಂತೆ ಇದೂ ನೊರೆಯುತ್ತದೆ, ಆ ಜಾಗದ ನಯ ಕೆಡುತ್ತದೆ. ಈಗ ನಡೆದದ್ದು ಮೂರರಲ್ಲಿ ಯಾವುದು ಎಂದು ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ.