ಪಂಚಾಯತಿಯಲ್ಲಿ ಸ್ತ್ರೀಯರ ಮೀಸಲು ಸ್ಥಾನ

ನೀರು ಹೊರುವವಳು ಹೆಣ್ಣು. ಬಾವಿಯನ್ನು ಎಲ್ಲಿ ತೋಡಬೇಕೆಂದು ನಿರ್ಣಯಿಸುವವನು ಗಂಡು. ನಮ್ಮ ಹಿರಿಯರು ಬಿಟ್ಟುಬಂದ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಿದು. ಇದನ್ನು ಕಾನೂನಿನ ಬಲದಿಂದ ತಿದ್ದಲು ಸಾಧ್ಯವೇ?

ಕರ್ನಾಟಕವು 1983ರ ಕಾಯಿದೆಯ ಮೂಲಕ ಸ್ಥಳೀಯ ಸಂಸ್ಥೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿರಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು, ದೇಶದ ಬಹುಭಾಗದ ಪಂಚಾಯತಿಗಳಲ್ಲಿ ಸದಸ್ಯ ಸ್ಥಾನಗಳ ಮತ್ತು ಅಧ್ಯಕ್ಷ ಪದವಿಗಳ ಮೂರನೆಯ ಒಂದು ಪಾಲನ್ನಾದರೂ ಅವರಿಗೆ ಕೊಡಬೇಕೆಂದು ವಿಧಿಸಿತು. ಮುಂದೆ ಕರ್ನಾಟಕ, ಮಹಾರಾಷ್ಟ್ರಗಳು ಆ ಪಾಲನ್ನು ಅರ್ಧಕ್ಕೆ ಏರಿಸಿದವು. ನಮ್ಮ ಮುಂಬಯಿ ಮಹಾನಗರಪಾಲಿಕೆಯಲ್ಲಿಯೂ 2012ರ ಚುನಾವಣೆಯಿಂದ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು.

ಆದರೆ ಸ್ಥಾನ ದೊರೆತ ಮಾತ್ರಕ್ಕೆ ಅಧಿಕಾರ ದೊರೆಯಿತೇ? ಅನೇಕ ಕಡೆ ಸಹಿ ಹೆಂಡತಿಯದು, ಕಾರುಬಾರು ಗಂಡನದು ಎಂಬಂತಾಯಿತು. ಅಂಥ ಗಂಡಂದಿರಿಗೆ ಉತ್ತರ ಭಾರತದಲ್ಲಿ ‘ಸರಪಂಚ ಪತಿ’ ಎಂಬ ಬಿರುದೇ ಹುಟ್ಟಿಕೊಂಡಿತು. ಈ ದೂರು ಸುಳ್ಳಲ್ಲ. ಪೂರ್ಣ ಸತ್ಯವೂ ಅಲ್ಲ.

ಮೀಸಲಾದ ಅಧ್ಯಕ್ಷ ಪದವಿಯು ಸರದಿಯಂತೆ ಪಂಚಾಯತಿಯಿಂದ ಪಂಚಾಯತಿಗೆ ತಿರುಗುತ್ತದೆ. ಊರಿನ ಗುಣದೋಷಗಳನ್ನು ನೋಡಿ ಆರಿಸಿದುದಲ್ಲವಾದುದರಿಂದ, ಮೀಸಲಾದ ಕಡೆಯನ್ನೂ ಆಗದ ಕಡೆಯನ್ನೂ ನ್ಯಾಯವಾಗಿ ಹೋಲಿಸಬಹುದು. ಪಶ್ಚಿಮ ಬಂಗಾಲದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ ಎಂಬ ವಿದ್ವಾಂಸರು ಹೀಗೆ ಹೋಲಿಸಿ, 2004ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸ್ತ್ರೀಯರಿಗೆ ಅಧ್ಯಕ್ಷ ಪದವಿ ಮೀಸಲಾಗಿದ್ದ ಪಂಚಾಯತಿಗಳು ಕುಡಿಯುವ ನೀರಿನ ಕೆಲಸಗಳಿಗೆ ಹೆಚ್ಚು ಹಣ ತೊಡಗಿಸಿದ್ದವು. ಅಲ್ಲಿನ ಹೆಂಗಸರು ಹೆಚ್ಚಾಗಿ ಸಲ್ಲಿಸುತ್ತಿದ್ದ ದೂರೂ ನೀರಿನದೇ. ಎಲ್ಲವನ್ನೂ ಗಂಡನೇ ನಡೆಸುತ್ತಿದ್ದರೆ ಈ ವ್ಯತ್ಯಾಸ ಬಂದುದೆಲ್ಲಿಂದ?

ಇನ್ನೊಂದು ಪರೀಕ್ಷೆ ಬಹು ಸ್ವಾರಸ್ಯವಾದುದು. ಬೀರಭೂಮಿನ ಹಳ್ಳಿಗರಿಗೆ ನಾಯಕರೊಬ್ಬರ ಒಂದೇ ಭಾಷಣವನ್ನು, ಕೆಲವರಿಗೆ ಗಂಡು ಧ್ವನಿಯಲ್ಲಿ, ಕೆಲವರಿಗೆ ಹೆಣ್ಣು ಧ್ವನಿಯಲ್ಲಿ ಕೇಳಿಸಿದರು. ಸ್ತ್ರೀ ಅಧ್ಯಕ್ಷೆಯನ್ನು ಎಂದೂ ಕಾಣದ ಊರುಗಳ ಗಂಡಸರು ಹೆಣ್ಣು ಧ್ವನಿಗೆ ಕಡಮೆ ಅಂಕ ಕೊಟ್ಟರು. ಕಂಡಿದ್ದ ಊರುಗಳಲ್ಲಿ ಆ ತಾರತಮ್ಯ ಅಳಿದಿತ್ತು. ಮನಸ್ಸು ಪೂರ್ತಿಯಾಗಿ ಬದಲಾಯಿತೆಂದಲ್ಲ. ನಾಯಕ ಗಂಡಸೇ ಆಗಿರಲೆಂಬ ಒಲವು ಅಲ್ಲಿಯೂ ಉಳಿದಿತ್ತು. ಆದರೂ ಎರಡು ಅವಧಿ ಮೀಸಲಾಗಿದ್ದ ಪಂಚಾಯತಿಗಳಲ್ಲಿ, ಮೀಸಲಲ್ಲದ ಸ್ಥಾನಗಳಿಗೂ ಸ್ತ್ರೀಯರು ಹೆಚ್ಚಾಗಿ ನಿಂತು ಗೆದ್ದರು.

ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕಾದ ಸಂಗತಿ 2012ರಲ್ಲಿ ಪ್ರಕಟವಾಯಿತು. ಹೀಗೆ ಎರಡು ಅವಧಿ ಸ್ತ್ರೀ ಅಧ್ಯಕ್ಷೆಯರಿದ್ದ ಕಡೆ ಹುಡುಗ ಹುಡುಗಿಯರ ವಿದ್ಯಾಭ್ಯಾಸದ ಅಂತರ ಇಲ್ಲವಾಗಿತ್ತು. ಹುಡುಗಿಯರ ಮನೆಗೆಲಸದ ಹೊತ್ತೂ ಕಡಮೆಯಾಗಿತ್ತು. ತರುಣಿಯರಿಗೆ ಉದ್ಯೋಗಾವಕಾಶಗಳೇನೂ ಹೆಚ್ಚಿದಂತೆ ಕಾಣಲಿಲ್ಲ. ಹಾಗಾದರೆ ಓದುವ ಹಂಬಲ ಬಂದುದು, ತಮ್ಮಂಥವಳೊಬ್ಬಳು ಆ ಕುರ್ಚಿಯಲ್ಲಿ ಕುಳಿತುದನ್ನು ಕಂಡುದರಿಂದಲೇ ಇರಬೇಕು.

ಇಷ್ಟಾದರೂ ಈ ಏರ್ಪಾಡಿನ ಒಂದು ಕುಂದು ನನಗೆ ದೊಡ್ಡದಾಗಿಯೇ ತೋರುತ್ತದೆ. ಹೋಲಿಕೆಗೆ ಅನುಕೂಲವಾದ ಆ ಸರದಿಯೇ ಅಧ್ಯಕ್ಷೆಗೆ ಪ್ರತಿಕೂಲ. ಲೆಕ್ಕಪತ್ರವನ್ನೂ ಸಭೆ ನಡೆಸುವುದನ್ನೂ ಆಕೆ ಕಲಿತು ಮುಗಿಸುವಷ್ಟರಲ್ಲಿ ಮೀಸಲು ಬೇರೊಂದು ಪಂಚಾಯತಿಗೆ ಹೋಗಿರುತ್ತದೆ. ಕಲಿತದ್ದನ್ನು ಬಳಸಬೇಕಾದರೆ ಆಕೆ ಮುಂದಿನ ಸಲ ಗಂಡಸರೊಡನೆಯೇ ಸ್ಪರ್ಧಿಸಬೇಕು.