ಸಂತಾನವಿಲ್ಲದ ಮನೆ: ಪರೀಕ್ಷೆ ಇಬ್ಬರಿಗೂ ಆಗಲಿ



ಸಂತಾನಕ್ಕಾಗಿ ದುಆ ಮಾಡಿಸಲು ನಮ್ಮ ಬಳಿಗೆ ಅತ್ತೆ-ಸೊಸೆ ಬರುತ್ತಾರೆ. ಮಗ ಬರುವುದು ಅಪರೂಪ. ಸೊಸೆಯ ಫೈಲ್ ತುಂಬ ಸ್ಕ್ಯಾನಿಂಗ್ ವರದಿಗಳು. ಗಂಡನದು ಒಂದು ಚೀಟಿಯೂ ಇಲ್ಲ. ಆದರೂ ತಲಾಕ್‌ನ ಮಾತು, ಎರಡನೇ ನಿಕಾಹ್‌ನ ಮಾತು ಆಗಲೇ ಶುರುವಾಗಿರುತ್ತದೆ. ಇದು ಅನ್ಯಾಯ.

ಅಲ್ಲಾಹನು ತಾನಿಚ್ಛಿಸಿದವರಿಗೆ ಹೆಣ್ಣು, ಗಂಡು ಅಥವಾ ಎರಡನ್ನೂ ಕೊಡುತ್ತಾನೆ, ಕೆಲವರಿಗೆ ಕೊಡುವುದಿಲ್ಲ ಎಂದು ಪವಿತ್ರ ಕುರ್‌ಆನಿನ ಅಶ್ಶೂರಾ ಅಧ್ಯಾಯ ತಿಳಿಸುತ್ತದೆ. ಪ್ರವಾದಿ ಝಕರಿಯ್ಯಾ(ಅ) ಸಂತಾನ ಬೇಡಿದಾಗ ಮೊದಲು ತಮ್ಮ ಮುಪ್ಪು, ತಮ್ಮ ದೌರ್ಬಲ್ಯವನ್ನೇ ಹೇಳಿಕೊಂಡರು. ಪತ್ನಿಯ ವಿಷಯ ಬಂದದ್ದು ಆಮೇಲೆ. ಗಂಡಸರಾದ ನಮಗೆ ಇದರಲ್ಲಿ ಪಾಠವಿದೆ.

ಒಂದು ವರ್ಷ ಜೊತೆಗಿದ್ದು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಪತ್ನಿಗೆ 35 ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಹೆಣ್ಣಿನಲ್ಲಿ ಪಿಸಿಓಡಿ, ಥೈರಾಯ್ಡ್ ತೊಂದರೆ, ಸೋಂಕಿನಿಂದ ಅಥವಾ ಕ್ಷಯದಿಂದ ಮುಚ್ಚಿದ ಅಂಡನಾಳ ಕಾರಣವಾಗಬಹುದು. ಗಂಡಿನಲ್ಲಿ ವೀರ್ಯಾಣುಗಳ ಸಂಖ್ಯೆ ಅಥವಾ ಚಲನೆ ಕಡಿಮೆ ಇರುವುದು, ವೃಷಣದ ರಕ್ತನಾಳಗಳ ಊತ ಕಾರಣವಾಗಬಹುದು. ಬೀಡಿ, ಸಿಗರೇಟು, ಗುಟ್ಕಾ ಕೂಡ ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಸಮಸ್ಯೆಯೂ ಸೇರಿರುತ್ತದೆ ಎನ್ನುತ್ತಾರೆ ವೈದ್ಯರು.

ಗಂಡಿನ ಪರೀಕ್ಷೆ ಹೆಣ್ಣಿನ ಪರೀಕ್ಷೆಗಳಿಗಿಂತ ಸುಲಭ, ನೋವೂ ಇಲ್ಲ. 2ರಿಂದ 7 ದಿನ ಸಂಪರ್ಕದಿಂದ ದೂರವಿದ್ದು ವೀರ್ಯದ ಮಾದರಿ ಕೊಟ್ಟರಾಯಿತು. ಇದು ಜಾಯಿಝೇ ಎಂದು ಯುವಕರು ಸಂಕೋಚದಿಂದ ಕೇಳುತ್ತಾರೆ. ಚಿಕಿತ್ಸೆಯ ಅಗತ್ಯಕ್ಕಾಗಿ ಅನೇಕ ಉಲಮಾಗಳು ಇದಕ್ಕೆ ಅನುಮತಿ ನೀಡಿದ್ದಾರೆ.

ಎಲ್ಲರಿಗೂ ದುಬಾರಿ ಚಿಕಿತ್ಸೆ ಬೇಕಾಗುವುದಿಲ್ಲ. ಕೆಲವರಿಗೆ ತೂಕ ಇಳಿಸಿದರೆ, ಥೈರಾಯ್ಡ್ ಸರಿಪಡಿಸಿದರೆ, ಅಂಡ ಬಿಡುಗಡೆಯಾಗಲು ಮಾತ್ರೆ ಕೊಟ್ಟರೆ ಸಾಕು. ಅದರಿಂದಾಗದಿದ್ದರೆ ಐಯುಐ, ಐವಿಎಫ್ ಇವೆ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇದನ್ನು ಚರ್ಚಿಸಿ, ಅಗತ್ಯವಿದ್ದಾಗ ಗಂಡನ ವೀರ್ಯ, ಹೆಂಡತಿಯ ಅಂಡ, ಅದೇ ಹೆಂಡತಿಯ ಗರ್ಭ ಆದರೆ ಅಡ್ಡಿಯಿಲ್ಲವೆಂದಿತು. ಬೇರೆಯವರ ವೀರ್ಯ, ಅಂಡ, ಬಾಡಿಗೆ ಗರ್ಭ ಹರಾಮ್. ಅದರಿಂದ ಮಗುವಿನ ವಂಶವೇ ಗೊಂದಲಕ್ಕೀಡಾಗುತ್ತದೆ. ಈ ವಿಷಯವನ್ನು ಆಸ್ಪತ್ರೆಯಲ್ಲಿ ಮೊದಲೇ ಸ್ಪಷ್ಟವಾಗಿ ಹೇಳಿ.

ಪ್ರತಿ ರೋಗಕ್ಕೂ ಅಲ್ಲಾಹನು ಔಷಧ ಇಳಿಸಿದ್ದಾನೆಂದು ಪ್ರವಾದಿ(ಸ) ಕಲಿಸಿದ್ದಾರೆ. ದುಆ ಬಿಡಬೇಡಿ, ಚಿಕಿತ್ಸೆಯನ್ನೂ ಬಿಡಬೇಡಿ. ಎಲ್ಲ ಮಾಡಿದ ಮೇಲೂ ಮಗುವಾಗದಿದ್ದರೆ, ಆ ಮನೆ ಅಪೂರ್ಣವಲ್ಲ. ಆಯಿಶಾ(ರ) ಅವರಿಗೆ ಮಕ್ಕಳಿರಲಿಲ್ಲ. ಆದರೂ ಅವರು ಇಡೀ ಉಮ್ಮತ್‌ನ ತಾಯಿ.

ಮುಂದಿನ ಸಲ ದುಆಕ್ಕೆ ಬರುವಾಗ, ಅಮ್ಮಂದಿರೇ, ಮಗನನ್ನೂ ಕರೆತನ್ನಿ. ಅಲ್ಲಾಹನು ನಿಮ್ಮ ಮಡಿಲು ತುಂಬಲಿ. ಆಮೀನ್.